ಕವಣೆಗೆ ರಬ್ಬರ್ ಇರುವುದಿಲ್ಲ

ರಾಯಚೂರು

ತಮ್ಮಾ,

ನಿನ್ನ ಕತೆ, ಅದರ ಜೊತೆಗಿಟ್ಟ ಚೀಟಿ ಎರಡನ್ನೂ ಓದಿದೆ. ಮೂರು ಪತ್ರಿಕೆಯವರು ವಾಪಸ್ ಕಳಿಸಿದರು, ಇನ್ನು ಬರೆಯುವುದೇ ಬೇಡ ಅನಿಸಿದೆ ಎಂದಿದ್ದೀಯ. ಕತೆ ಎಷ್ಟು ಉದ್ದ ಇರಬೇಕು, ಯಾರಿಗೆ ಕಳಿಸಬೇಕು ಎಂದೆಲ್ಲ ಕೇಳಿದ್ದೀಯಲ್ಲ, ಅದನ್ನು ಹೇಳುವವರು ನಿಮ್ಮ ಗಂಗಾವತಿಯಲ್ಲೇ ಸಿಗುತ್ತಾರೆ. ನನ್ನ ತಕರಾರು ನಾಲ್ಕನೇ ಪುಟದ ಒಂದು ಪದದ ಮೇಲೆ.

1565. ಹೊಳೆಯಾಚೆ ಹಂಪಿ ಉರಿಯುತ್ತಿದೆ. ಆನೆಗೊಂದಿಯ ಗುಡ್ಡದ ಮೇಲೆ ನಿಂತ ನಿನ್ನ ಕುರಿ ಕಾಯುವ ಹುಡುಗ ‘ಕವಣೆಯ ರಬ್ಬರನ್ನು ಕಿವಿಯವರೆಗೆ ಜಗ್ಗಿ’ ಕುದುರೆಯವನಿಗೆ ಕಲ್ಲು ಬಿಡುತ್ತಾನೆ. ಅಲ್ಲಪಾ, ರಬ್ಬರ್ ಎಲ್ಲಿಂದ ತಂದ? ಹಸಿ ರಬ್ಬರು ಬಿಸಿಲಿಗೆ ಅಂಟಂಟು, ಚಳಿಗೆ ಸೆಟೆದು ಮುರಿಯುವಂಥದ್ದು. ಗಂಧಕ ಹಾಕಿ ಕಾಯಿಸಿ ಅದನ್ನು ಹದಕ್ಕೆ ತರುವುದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್‌ಗೆ ಹೊಳೆದದ್ದು 1839ರಲ್ಲಿ. ನಿನ್ನ ಹುಡುಗ 274 ವರ್ಷ ಮೊದಲೇ ಸೈಕಲ್ ಟ್ಯೂಬು ಕತ್ತರಿಸಿಬಿಟ್ಟಿದ್ದಾನೆ.

ಇಸವಿ ತಪ್ಪಿದ್ದಕ್ಕೆ ಸಿಟ್ಟಲ್ಲ. ಮನಸ್ಸಿನಲ್ಲಿ ಇಂಗ್ಲಿಷಿನ ಕ್ಯಾಟಪಲ್ಟ್ ಇಟ್ಟುಕೊಂಡು, ನಿಘಂಟು ತೆರೆದು, ಕಂಡ ಕವಣೆಯನ್ನು ಎತ್ತಿಕೊಂಡು ಬಂದಿದ್ದೀಯ, ಅದಕ್ಕೆ ಸಿಟ್ಟು. ಇಂಗ್ಲಿಷಿನವರಿಗೆ ಆ ಒಂದೇ ಪದ ಸಾಕು. ಗ್ರೀಕರು ಕೋಟೆ ಮುತ್ತಿದಾಗ ದಪ್ಪ ಬಾಣ ಎಸೆಯುತ್ತಿದ್ದ ಯಂತ್ರವೂ ಅದೇ, ಹಕ್ಕಿ ಹೊಡೆಯುವ ಹುಡುಗರ ಕೈಯ ಕವಲುಕೋಲೂ ಅದೇ, ಯುದ್ಧದ ಹಡಗಿನಿಂದ ವಿಮಾನ ಚಿಮ್ಮಿಸುವುದೂ ಅದೇ. ರಾತ್ರೋರಾತ್ರಿ ಹೆಸರು ಮಾಡಿದವನನ್ನೂ ಅದರಲ್ಲೇ ಹಾರಿಸುತ್ತಾರೆ. ನಮ್ಮಲ್ಲಿ ಕವಣೆ ಬೇರೆ, ಕ್ಯಾಟರ್‌ಬಿಲ್ಲು ಬೇರೆ. (ಈ ಎರಡನೆಯದು ಶಾಲೆ ಕಾಣದ ನಾಲಿಗೆ ಮಾಡಿದ ಕೆಲಸ. ‘ಪಲ್ಟ್’ ತಿಳಿಯಲಿಲ್ಲ, ‘ಬಿಲ್ಲು’ ಮಾಡಿಕೊಂಡಿತು. ಯಾವ ಪಂಡಿತರ ಸಮಿತಿ ಇಷ್ಟು ಚೆಂದ ಮಾಡೀತು?)

ಕವಣೆಯಲ್ಲಿ ಜಗ್ಗುವುದೇ ಇಲ್ಲ, ಬೀಸುವುದು. ಎರಡು ಹಗ್ಗ, ನಡುವೆ ಕಲ್ಲಿಡಲು ಅಗಲಕ್ಕೆ ಹೆಣೆದ ಜಾಗ. ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಮುಷ್ಟಿಯಲ್ಲಿ. ತಲೆ ಮೇಲೆ ತಿರುಗಿಸಿ ಮುಷ್ಟಿಯ ತುದಿ ಬಿಟ್ಟರೆ ಕಲ್ಲು ಹೋಗುತ್ತದೆ, ಹಗ್ಗ ‘ಛಟ್’ ಅನ್ನುತ್ತದೆ. ಜೋಳ ಹಾಲುಗಾಳಾದಾಗ ನಮ್ಮಜ್ಜಿ ಅಟ್ಟದ ಮೇಲೆ ನಿಂತು ಬೀಸುತ್ತಿದ್ದಳು. ಪಕ್ಕದ ಹೊಲದಲ್ಲಿ ಜನ ಇದ್ದರೆ ಕಲ್ಲಿಡದೆ ಬರೀ ಹಗ್ಗ ಬೀಸುವಳು, ಆ ಸದ್ದಿಗೇ ಗುಬ್ಬಿಗಳು ಏಳುತ್ತಿದ್ದವು. ಇನ್ನೂ ಒಂದು ಮಾತು: ಕ್ಯಾಟರ್‌ಬಿಲ್ಲು ಜಗ್ಗುವವನು ಒಂದು ಕಣ್ಣು ಮುಚ್ಚುತ್ತಾನೆ. ಹಂಪಿ ಉರಿಯುವುದನ್ನು ನಿನ್ನ ಹುಡುಗ ಒಂದೇ ಕಣ್ಣಲ್ಲಿ ನೋಡಿದ ಹಾಗಾಯಿತು.

ನಾನು ಇಷ್ಟು ರೇಗುವುದಕ್ಕೆ ನನ್ನದೇ ಹಳೆಯ ಗಾಯ ಕಾರಣ. ಮೊದಲ ಕತೆಯಲ್ಲಿ ನಾನು ಸರಿಯಾಗಿಯೇ ಕ್ಯಾಟರ್‌ಬಿಲ್ಲು ಎಂದು ಬರೆದಿದ್ದೆ. ಬಾರಿ ಗಿಡದ ಕವಲು, ಪಂಕ್ಚರ್ ಅಂಗಡಿಯ ಟ್ಯೂಬು, ಹಳೇ ಚಪ್ಪಲಿಯ ತೊಗಲು, ಎಲ್ಲ ಇತ್ತು. ಸಂಪಾದಕರೊಬ್ಬರು ಪದ ಗ್ರಾಮ್ಯವಾಯಿತೆಂದು ಎಲ್ಲಾ ಕಡೆ ಕವಣೆ ಮಾಡಿದರು. ನಾನು ಧನ್ಯವಾದ ಹೇಳಿ ಕಾಗದ ಬರೆದೆ! ಊರಲ್ಲಿ ಓದಿ ಹೇಳಿದಾಗ ಸೈಕಲ್ ಅಂಗಡಿಯವ ಒಂದೇ ಮಾತು ಕೇಳಿದ: “ಕವಣಿಗೆ ಟ್ಯೂಬ್ ಯಾಕ ಬೇಕಪಾ?” ಆಮೇಲೆ ಆ ಕತೆಗೆ ಬಹುಮಾನ ಬಂತು. ಸಂಕಲನ ತರುವಾಗಲೂ ತಿದ್ದಲಿಲ್ಲ, ಬಹುಮಾನದ ಕತೆ ಯಾಕೆ ಮುಟ್ಟಲಿ ಅಂತ. ಇವತ್ತಿಗೂ ಹಾಗೇ ಇದೆ.

ಕೊನೆಗೆ ಹುಡುಗ ಕುರಿ ಎಣಿಸುತ್ತಾನಲ್ಲ, ಒಂದು ಕಡಿಮೆ ಬರುತ್ತದೆ, ಮತ್ತೆ ಮೊದಲಿಂದ ಎಣಿಸುತ್ತಾನೆ. ಅದನ್ನು ಓದಿ ಎದ್ದು ಹೋಗಿ ನೀರು ಕುಡಿದು ಬಂದೆ. ಅದನ್ನು ಯಾರು ಹೇಳಿದರೂ ಮುಟ್ಟಬೇಡ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರೆಂದು ಬರೆದಿದ್ದೀಯ. ಕವಣೆಯಲ್ಲಿ ಕಲ್ಲಿಡುವ ಆ ನಡುವಿನ ಜಾಗಕ್ಕೆ ನಮ್ಮಜ್ಜಿ ಒಂದು ಹೆಸರು ಹೇಳುತ್ತಿದ್ದಳು. ಎರಡು ದಿನದಿಂದ ನೆನೆಸುತ್ತಿದ್ದೇನೆ, ಬರುತ್ತಿಲ್ಲ. ಕೇಳಿ ಬರೆ.

ನಿನ್ನ,
ಅಣ್ಣ