ಪದಕಕ್ಕೆ ಮೊದಲು ಮಕ್ಕಳ ಮೈ ಗಟ್ಟಿಯಾಗಲಿ

ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಶಾಲೆಗಳಲ್ಲಿ ಅವಸರದ ತಾಲೀಮು ಶುರುವಾಗುತ್ತದೆ; ಸ್ನಾಯುಬಲ ಹೆಚ್ಚಿಸುವ ತರಬೇತಿ ಮಾತ್ರ ಬಹುತೇಕ ಮಕ್ಕಳಿಗೆ ವರ್ಷವಿಡೀ ಸಿಗುವುದಿಲ್ಲ. ಕಬಡ್ಡಿ, ಕೊಕ್ಕೊ ಆಟಗಳಲ್ಲಿ ಓಡುತ್ತಲೇ ತಟ್ಟನೆ ನಿಂತು ತಿರುಗಬೇಕು. ತೊಡೆ, ಸೊಂಟದ ಸ್ನಾಯುಗಳು ಆ ಹೊಡೆತ ತಾಳದಿದ್ದರೆ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಹದಿಹರೆಯದಲ್ಲಿ ಎತ್ತರ ಸರಸರನೆ ಏರುವಾಗ ಮೊಣಕಾಲ ಚಿಪ್ಪಿನ ಕೆಳಗೆ ಕಾಣಿಸುವ ನೋವನ್ನು ‘ಬೆಳೆಯುವ ವಯಸ್ಸು, ಹೋಗುತ್ತೆ ಬಿಡು’ ಎಂದು ತಳ್ಳಿಹಾಕಿ ಮತ್ತೆ ಓಡಿಸುವವರೂ ಇದ್ದಾರೆ.

ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ಭಯ ಪೋಷಕರಲ್ಲಿ ಇನ್ನೂ ಇದೆ. ಸರಿಯಾದ ಮೇಲ್ವಿಚಾರಣೆಯಿದ್ದರೆ ಇಂಥ ತರಬೇತಿಯಿಂದ ಬೆಳವಣಿಗೆಗೆ ಧಕ್ಕೆಯಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲೇ ಹೇಳಿದೆ. ಗರಡಿಮನೆಗಳ ನಾಡಿನ ನಮಗೆ ದಂಡ, ಬಸ್ಕಿ ಹೊಸದೇನಲ್ಲ! ಅಪಾಯವಿರುವುದು ಮೊಬೈಲ್ ವಿಡಿಯೊ ನೋಡಿ ಜಿಮ್‌ನಲ್ಲಿ ಮನಬಂದಂತೆ ಭಾರ ಎತ್ತುವುದರಲ್ಲಿ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಪ್ರತಿ ಜಿಲ್ಲೆಗೆ ಈ ವಿಷಯದಲ್ಲಿ ಪರಿಣತರಾದ ಒಬ್ಬ ತರಬೇತುದಾರರನ್ನಾದರೂ ಒದಗಿಸಿ, ಬೇಸಿಗೆ ರಜೆಯಲ್ಲಿ ಅವರಿಂದ ದೈಹಿಕ ಶಿಕ್ಷಣ ಶಿಕ್ಷಕರಿಗೆ ಶಿಬಿರ ನಡೆಸಲಿ. ವಾರಕ್ಕೆರಡು ದಿನ 20 ನಿಮಿಷ, ಸ್ವಂತ ದೇಹಭಾರ ಬಳಸುವ ವ್ಯಾಯಾಮದಿಂದ ಶಾಲೆಗಳು ಆರಂಭಿಸಬಹುದು. ಅದಕ್ಕೆ ಉಪಕರಣಗಳ ಟೆಂಡರ್ ಕರೆಯುವ ಅಗತ್ಯವೂ ಇಲ್ಲ.

– ಒಬ್ಬ ಪೋಷಕ, ಧಾರವಾಡ