ಮಗಳಿಗೊಂದು ಪತ್ರ: ನೀನು ಬಾಲ ಮುಟ್ಟಿರಲಿಲ್ಲ

ಪುಟ್ಟಿ,

ಮೊನ್ನೆ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣ ಅಂದುಕೊಂಡೆ. ಮಾಡಿದರೆ ಮತ್ತೆ ಜಗಳ, ಅದಕ್ಕೆ ಬರೆಯುತ್ತಿದ್ದೇನೆ. ಹಸುಗಳನ್ನು ನಿನಗೆ ಹೇಳದೆ ಮಾರಿದ್ದು ತಪ್ಪು. ಆದರೆ ಮಂಡಿ ಮಡಚಿ ಕೂರಲಾಗದವಳು ಮೂರು ಹಸು ಹೇಗೆ ಕರೆಯಲಿ, ನೀನೇ ಹೇಳು.

"ಕೊಟ್ಟಿಗೆ ವಿಷಯದಲ್ಲಿ ನನ್ನ ಮಾತು ಯಾವತ್ತು ಕೇಳಿದ್ದೀಯ?" ಅಂದೆಯಲ್ಲ, ಅದು ಚುಚ್ಚಿತು. ಏನು ನೆನೆದು ಅಂದೆಯೋ. ನನಗೆ ನೆನಪಾದದ್ದು ನಮ್ಮ ಹಸು ಕೆಂದಿ ಒದ್ದ ಸಂಜೆ.

ನಿನಗಾಗ ಎಂಟು ವರ್ಷ. ಉಗುರುಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆಯುವುದು ನಿನ್ನ ಕೆಲಸ. ತೊಳೆಯುತ್ತಾ ಕೈ ನಿಲ್ಲಿಸಿ, "ಅಮ್ಮಾ, ಈ ಕಡೆ ಬಿಸಿ ಇದೆ" ಅಂದೆ. ಕತ್ತಲಾಗುತ್ತಿತ್ತು, ಕರು ಕೂಗುತ್ತಿತ್ತು. ಹಸು ಆಗಲೇ ಸೊರೆ ಬಿಟ್ಟಿತ್ತು, ಹಾಲು ತೊಟ್ಟಿಗೆ ಇಳಿದಿತ್ತು. ಸೊರೆ ಬಿಟ್ಟ ಮೇಲೆ ಐದಾರು ನಿಮಿಷದಲ್ಲಿ ಕರೆದು ಮುಗಿಸಬೇಕು, ತಡವಾದರೆ ಹಾಲು ಒಳಗೇ ಉಳಿಯುತ್ತದೆ. "ಸುಮ್ನೆ ತೊಳಿ" ಅಂದೆ. ನಾಲ್ಕು ಧಾರೆ ಬಿದ್ದಿರಲಿಲ್ಲ, ಒದ್ದೇಬಿಟ್ಟಿತು. ಬಕೆಟ್ ಮಗುಚಿತು. ನೀನು ಬಾಲ ಎಳೆದೆ ಅಂತ ಬೆನ್ನಿಗೊಂದು ಬಾರಿಸಿದೆ. ನೀನು ಬಾಲ ಮುಟ್ಟಿರಲೇ ಇಲ್ಲ.

ಬೆಳಿಗ್ಗೆ ಅದೇ ತೊಟ್ಟಿನಿಂದ ಹಾಲು ಒಡೆದಂತೆ ಗಡ್ಡೆ ಗಡ್ಡೆಯಾಗಿ ಬಂತು. ಕೆಚ್ಚಲು ಬಾವು. ಅಂದರೆ ಸಂಜೆಯೇ ಅದಕ್ಕೆ ನೋವಿತ್ತು. ಎಂಟು ವರ್ಷದ ಅಂಗೈಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ. ಔಷಧಿ ಹಾಕಿಸಿದೆ, ಆ ಹಾಲು ಚೆಲ್ಲಿದೆ, ನಿನಗೆ ಮಾತ್ರ ಹೇಳಲಿಲ್ಲ. ಮಕ್ಕಳ ಮುಂದೆ ಸೋಲಬಾರದು ಅನ್ನುವ ಹುಚ್ಚು. ಆಮೇಲೆ ನಾನು ಹಾಲು ಕರೆಯುವ ಹೊತ್ತಿಗೆ ನೀನು ಹೊಸ್ತಿಲಲ್ಲೇ ನಿಲ್ಲುತ್ತಿದ್ದೆ. ಒದೆಗೆ ಹೆದರಿದ್ದಾಳೆ ಅಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಸುಲಭವಿತ್ತು, ಅಲ್ವಾ?

ಆ ತೊಟ್ಟು ಬತ್ತಿಹೋಯಿತು. ಕೆಂದಿ ಕೊನೆವರೆಗೂ ಮೂರು ತೊಟ್ಟಿನ ಹಸುವೇ. ಕರೆಯಲು ಕೂತಾಗೆಲ್ಲ ನನ್ನ ಕೈ ಮೊದಲು ಆ ನಾಲ್ಕನೆಯದರ ಮೇಲೇ ಹೋಗುತ್ತಿತ್ತು.

ಈಗ ನೀನೇ ಹಸು ಸಾಕುತ್ತೇನೆ ಅಂತೀಯ. ಸಾಕು, ಬೇಡ ಅನ್ನಲ್ಲ. ಆದರೆ ಅದಕ್ಕೆ ಭಾನುವಾರ ಗೊತ್ತಿಲ್ಲ, 12 ಗಂಟೆಗೊಮ್ಮೆ ಕರೆಯಲೇಬೇಕು. ಮೊದಲ ಧಾರೆ ಬೇರೆ ಲೋಟಕ್ಕೆ ಹಿಂಡಿ ನೋಡು. ಹೆಬ್ಬೆರಳು ಮಡಚಿ ಕರೆಯಬೇಡ, ತೊಟ್ಟಿಗೆ ಪೆಟ್ಟಾಗುತ್ತದೆ, ಮುಷ್ಟಿಯಲ್ಲಿ ಹಿಡಿ. ಕರೆದ ಕೂಡಲೇ ಮುಂದೆ ಹುಲ್ಲು ಹಾಕು, ಅರ್ಧ ಗಂಟೆಯಾದರೂ ಮಲಗಬಾರದು. ತೊಟ್ಟಿನ ಬಾಯಿ ಇನ್ನೂ ತೆರೆದಿರುತ್ತದೆ, ಕೊಳಕು ಒಳಗೆ ಹೋಗುತ್ತದೆ. ಕರು ಹಾಕುವ 60 ದಿನ ಮೊದಲೇ ಕರೆಯುವುದು ನಿಲ್ಲಿಸಬೇಕು. ಹಾಲಿನಾಸೆಗೆ ಜಾಸ್ತಿ ಎಳೆಯಬೇಡ.

ನೋಡು, ಕ್ಷಮೆ ಕೇಳೋಕೆ ಕೂತವಳು ಪಾಠ ಶುರು ಮಾಡಿದೆ. ನಿನ್ನ ಕೈಗೆ ಇದೆಲ್ಲ ಹೇಳಬೇಕಾಗಿಲ್ಲ.

ಫೋನ್ ಮಾಡು. ಸಂಜೆ ಕರೆಯೋ ಹೊತ್ತಲ್ಲಿ ಬೇಡ ಅಂತ ಬರೆಯಲು ಹೊರಟಿದ್ದೆ. ಈಗ ಯಾವ ಹೊತ್ತಾದರೂ ಆಗುತ್ತದೆ.

ಅಮ್ಮ