ಮಗಳಿಗೊಂದು ಪತ್ರ: ಸಿವಿಲ್ ಓದಿದವಳಿಗೂ ಫೈನಾನ್ಸ್ ದೂರವಲ್ಲ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಅಮೆರಿಕದಲ್ಲಿ ಫೈನಾನ್ಸ್ ಓದಲು ನೀನು ಹಾಕಿದ ಅರ್ಜಿಯನ್ನು ಮೊದಲ ವಿಶ್ವವಿದ್ಯಾಲಯ ತಿರಸ್ಕರಿಸಿದ ಸುದ್ದಿ ಹೇಳಿ, ‘ಸಿವಿಲ್ ಎಂಜಿನಿಯರಿಂಗ್ ಓದಿದವಳಿಗೆ ಫೈನಾನ್ಸ್ ಯಾಕೆ ಬೇಕಿತ್ತು’ ಎಂದು ಮೊನ್ನೆ ಫೋನ್ ಇಟ್ಟುಬಿಟ್ಟೆ. ಆ ಮಾತಿಗೆ ಉತ್ತರ ಕೊಡದಿದ್ದರೆ ನನಗೆ ಸಮಾಧಾನವಿಲ್ಲ.

ಈ ಕೋರ್ಸ್ ಯಾಕೆ ಬೇಕೆಂದು ಅರ್ಜಿಯ ಜೊತೆ ಬರೆದು ನನಗೂ ಕಳುಹಿಸಿದ್ದ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಹಣಕಾಸಿನ ಜಗತ್ತು ಚಿಕ್ಕಂದಿನಿಂದಲೂ ನಿನ್ನನ್ನು ಸೆಳೆದಿತ್ತೆಂದು ಆರಂಭಿಸಿದ್ದೀಯೆ. ಯಾರು ಬೇಕಾದರೂ ಬರೆಯಬಹುದಾದ ಸಾಲು ಅದು. ನಿಜವಾಗಿ ನಡೆದದ್ದನ್ನು ಏಕೆ ಬಿಟ್ಟೆ?

ರಜೆಯಲ್ಲಿ ನನ್ನ ಜೊತೆ ಜನರ ದಿನದಿನದ ಉಳಿತಾಯದ ದುಡ್ಡು ಸಂಗ್ರಹಿಸುವ ಪಿಗ್ಮಿ ಕಲೆಕ್ಷನ್‌ಗೆ ಬರುತ್ತಿದ್ದೆಯಲ್ಲ, ಮೀನು ಮಾರ್ಕೆಟ್ಟಿನ ಅಕ್ಕ ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದ ಒದ್ದೆ ನೋಟನ್ನು ನೀನು ಲಂಗಕ್ಕೆ ಒರೆಸಿ ನನ್ನ ಚೀಲಕ್ಕೆ ಹಾಕುತ್ತಿದ್ದೆ. ಒಂದು ವರ್ಷ ಜೂನ್‌ನಲ್ಲಿ ಯಾಂತ್ರಿಕ ದೋಣಿಗಳ ನಿಷೇಧ ಶುರುವಾಗಿ ವ್ಯಾಪಾರ ನಿಂತಾಗ ಅವರು ತಮ್ಮದೇ ಪಿಗ್ಮಿ ಖಾತೆಯ ಮೇಲೆ ಸಾಲ ತೆಗೆದರು. ‘ಅವರ ದುಡ್ಡನ್ನೇ ಅವರಿಗೆ ಕೊಟ್ಟು ಬಡ್ಡಿ ಯಾಕಮ್ಮ ತಗೊಳ್ತಾರೆ?’ ಎಂದು ದಾರಿಯುದ್ದಕ್ಕೂ ಕೇಳಿದೆ. ಅವಧಿಗೆ ಮೊದಲೇ ಖಾತೆ ಮುಚ್ಚಿದರೆ ಕೂಡಿದ ಬಡ್ಡಿ ಕೈತಪ್ಪುತ್ತದೆ ಎಂದೆ. ನಿನಗೆ ಅಷ್ಟು ಸಾಲಲಿಲ್ಲ. ರಾತ್ರಿ ಕುಳಿತು, ಖಾತೆ ಮುಚ್ಚಿದರೆ ಎಷ್ಟು ನಷ್ಟ, ಸಾಲ ತೆಗೆದು ಆಗಸ್ಟ್‌ನಲ್ಲಿ ತೀರಿಸಿದರೆ ಎಷ್ಟು ಖರ್ಚು ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎರಡೂ ಲೆಕ್ಕ ಹಾಕಿ, ಸಾಲವೇ ಅಗ್ಗವೆಂದು ಮರುದಿನ ಅವರಿಗೆ ವಿವರಿಸಿ ಬಂದೆ. ಆ ಅಕ್ಕ ಈಗಲೂ ನಿನ್ನನ್ನು ಕೇಳುತ್ತಾರೆ. 1928ರಲ್ಲಿ ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಿಂದ ಆರಂಭಿಸಿದ ಈ ಪದ್ಧತಿ ಅಮೆರಿಕದ ಪ್ರಾಧ್ಯಾಪಕರಿಗೆ ತಿಳಿದಿರಲಾರದು. ಎರಡು ವಾಕ್ಯಗಳಲ್ಲಿ ತಿಳಿಸು, ಆಮೇಲೆ ಆ ಲೆಕ್ಕವನ್ನು ಬರೆ.

ಕಾಮರ್ಸ್ ಓದಿಲ್ಲವೆಂದು ಎಲ್ಲಿಯೂ ಕ್ಷಮೆ ಕೇಳುವ ದನಿ ಬೇಡ. ಮಣ್ಣಿನೊಳಗಿನ ನೀರು ಹಿಂಗುತ್ತಾ ಅಡಿಪಾಯ ಕುಗ್ಗುವ ಸಮೀಕರಣವೂ, ಆಪ್ಶನ್‌ಗೆ, ಅಂದರೆ ಷೇರನ್ನು ಮುಂದೆ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿಗೆ, ಬೆಲೆ ಕಟ್ಟುವ 1973ರ ಬ್ಲ್ಯಾಕ್–ಶೋಲ್ಸ್ ಸಮೀಕರಣವೂ ಕೊನೆಗೆ ಶಾಖ ಹರಡುವ ಒಂದೇ ಸಮೀಕರಣಕ್ಕೆ ಇಳಿಯುತ್ತವೆ ಎಂದು ನನಗೆ ಹೇಳಿಕೊಟ್ಟವಳು ನೀನೇ. ಆ ಸಮೀಕರಣದ ಫಿಷರ್ ಬ್ಲ್ಯಾಕ್ ಕೂಡ ಓದಿದ್ದು ಭೌತಶಾಸ್ತ್ರ, ಡಾಕ್ಟರೇಟ್ ಪಡೆದದ್ದು ಅನ್ವಯಿಕ ಗಣಿತದಲ್ಲಿ. ಕಾರ್ನೆಗಿ ಮೆಲನ್, ಬರೂಕ್, ಬರ್ಕ್‌ಲಿಯಂಥ ಕಡೆಯ ಗಣಿತದಿಂದ ಹಣಕಾಸಿನ ಸಮಸ್ಯೆ ಬಿಡಿಸುವ ಫೈನಾನ್ಶಿಯಲ್ ಎಂಜಿನಿಯರಿಂಗ್ ಮಾದರಿಯ ಕೋರ್ಸುಗಳವರು ಮುಖ್ಯವಾಗಿ ನೋಡುವುದು ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಮತ್ತು ಪ್ರೋಗ್ರಾಮಿಂಗ್. ಪ್ರಾಬಬಿಲಿಟಿಯಲ್ಲಿ ನಿನ್ನ ಅಂಕ ಕಡಿಮೆ, ಅದನ್ನು ಇನ್ನೊಂದು ಕೋರ್ಸ್ ಮಾಡಿ ಸರಿಪಡಿಸಿಕೋ. ಬರೀ ಫೈನಾನ್ಸ್ ಸ್ನಾತಕೋತ್ತರಕ್ಕೂ ಅರ್ಜಿ ಹಾಕುವುದಾದರೆ ಬ್ಯಾಲೆನ್ಸ್ ಶೀಟ್ ಓದಲು ಕಲಿತಿರಬೇಕು. ಹೂಡಿಕೆ ವಿಶ್ಲೇಷಕರ ಸಿಎಫ್‌ಎ ಪರೀಕ್ಷೆಯ ಮೊದಲ ಹಂತ ಅದಕ್ಕೆ ಒಳ್ಳೆಯದೇ, ಆದರೆ ಸುಮಾರು 300 ಗಂಟೆಗಳ ಓದು ಬೇಡುವ ಪರೀಕ್ಷೆಯನ್ನು ಕೆಲಸದ ಜೊತೆ ಅವಸರದಲ್ಲಿ ಕಟ್ಟಬೇಡ. ಶಿಫಾರಸು ಪತ್ರ ಕೊಡುವ ನಿನ್ನ ಸಾಯಿಲ್ ಮೆಕ್ಯಾನಿಕ್ಸ್ ಮೇಷ್ಟ್ರಿಗೆ, ಶಿಸ್ತಿನ ಹುಡುಗಿ ಎಂದಷ್ಟೇ ಬರೆಯದೆ ನಿನ್ನ ಗಣಿತದ ಬಗ್ಗೆ ಬರೆಯಿರೆಂದು ಕೇಳಿಕೋ. ಊಟ ಬಿಟ್ಟು ಓದಬೇಡ.

ನನ್ನ ಹೆದರಿಕೆ ಸಾಲದ್ದು, ಅದನ್ನು ಮುಚ್ಚಿಡುವುದಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಅಡಮಾನ ಕೇಳುತ್ತಾರೆ, ನಮ್ಮಲ್ಲಿರುವುದು ಈ ಮನೆಯೊಂದೇ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇರದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅಪ್ಪ ಮನೆಯ ಪತ್ರ ಅಡವಿಡಲು ಒಪ್ಪಿದ್ದಾರೆ, ನಾನೂ ಒಪ್ಪಿದ್ದೇನೆ. ಆದರೂ ರಾತ್ರಿ ನಿದ್ದೆ ಹತ್ತುವುದಿಲ್ಲ. ಆದ್ದರಿಂದ ಪ್ರತಿ ಕೋರ್ಸಿನ ಶುಲ್ಕ, ವಾಸದ ಖರ್ಚು, ಅಲ್ಲಿ ಓದಿದವರಿಗೆ ಸಿಕ್ಕಿದ ಕೆಲಸ, ಕೆಲಸ ಸಿಗದೆ ವಾಪಸ್ಸಾದರೆ ಇಲ್ಲಿನ ಸಂಬಳದಲ್ಲಿ ಕಟ್ಟಬೇಕಾಗುವ ಕಂತು, ಇವನ್ನೆಲ್ಲ ಅಂದು ಆ ಅಕ್ಕನಿಗೆ ಮಾಡಿಕೊಟ್ಟ ಹಾಗೆ ನಮಗೂ ಒಂದು ಹಾಳೆಯಲ್ಲಿ ಬರೆದು ಕಳುಹಿಸು. ಮುಂದಿನ ಸುತ್ತಿನ ಕೊನೆಯ ದಿನಾಂಕವನ್ನೂ ತಿಳಿಸು. ಅದರೊಳಗೆ ಮನೆಯ ಪತ್ರಗಳನ್ನು ವಕೀಲರಿಗೆ ತೋರಿಸಬೇಕು.

ಇಂತಿ,
ನಿನ್ನ ಅಮ್ಮ